ಬಾಯಿ ಮುಚ್ಚಿಸುವ ಅಕ್ಷರ

ನೀವು ಕೂತ ಕಡೆಯೇ ಒಂದು ಕೆಲಸ ಮಾಡಿ ನೋಡಿ. ಎದೆ ತುಂಬ ಉಸಿರು ಎಳೆದುಕೊಂಡು, ಅದು ಮುಗಿಯುವವರೆಗೆ 'ಚಡುಗುಡು ಚಡುಗುಡು' ಅನ್ನಿ. ಮನೆಯವರು ಇವರಿಗೇನಾಯಿತಪ್ಪ ಅಂತ ಬಂದು ನೋಡಿದರೆ ನೋಡಲಿ. ಸ್ವಲ್ಪ ಸುಧಾರಿಸಿಕೊಂಡು, ಅದೇ ಥರ 'ಕಬಡ್ಡಿ ಕಬಡ್ಡಿ' ಅನ್ನಿ. ಏನು ವ್ಯತ್ಯಾಸ ಅಂತ ತಿಳಿಯಿತೆ? ಮೊದಲನೆಯದರಲ್ಲಿ ತುಟಿಗೆ ತುಟಿ ತಾಕುವುದೇ ಇಲ್ಲ. ಎರಡನೆಯದರಲ್ಲಿ 'ಬ' ಬಂದಾಗಲೆಲ್ಲ ಬಾಯಿ ಮುಚ್ಚುತ್ತದೆ. ಇಷ್ಟು ಸಣ್ಣ ವಿಷಯ ನನ್ನ ತಲೆಗೆ ಹತ್ತುವುದಕ್ಕೆ ಹತ್ತಿರ ಹತ್ತಿರ ಒಂದು ವರ್ಷ ಹಿಡಿಯಿತು. ನಾನು ಆಗ ಕೊಳ್ಳೇಗಾಲದ ತಂಡದ ಮ್ಯಾನೇಜರ್ ಬೇರೆ!

ಮ್ಯಾನೇಜರ್ ಅಂದರೆ ಏನೇನೋ ಅಂದುಕೊಳ್ಳಬೇಡಿ. ಅಂಕಣಕ್ಕೆ ಗೆರೆ ಎಳೆಯುವ ಸುಣ್ಣದ ಪುಡಿ ಹೊರುವುದು, ಬಸ್ಸಿನಲ್ಲಿ ಏಳೆಂಟು ಜನಕ್ಕೆ ಸೀಟು ಹಿಡಿಯುವುದು, ಅರ್ಜಿ ಬರೆಯುವುದು, ಸೋತಾಗ ಜಗಳ ಆಡುವುದು. ಹಗಲು ಮುನಿಸಿಪಾಲಿಟಿ ಆಫೀಸಿನಲ್ಲಿ ಗುಮಾಸ್ತನಾಗಿದ್ದೆ. ಬರೆಯೋಕೆ ಬರುತ್ತೆ, ಜಗಳ ಆಡೋಕೂ ಬರುತ್ತೆ ಅಂತ ಹುಡುಗರು ನನ್ನನ್ನು ಆರಿಸಿದ್ದರು. ನನಗೆ ಮೂಗಿನ ತುದಿಯಲ್ಲೇ ಕೋಪ. ಈಗ ವಯಸ್ಸಾಯಿತು, ಕೋಪ ಮಾತ್ರ ಅಲ್ಲೇ ಕೂತಿದೆ.

ಕೋಚು ಅನ್ನುವ ಪದ ಆಗ ನಮ್ಮ ಬಾಯಿಗೆ ಬಂದಿರಲಿಲ್ಲ. ತಂಡಕ್ಕೆ ಆಟ ಹೇಳಿಕೊಡುವವರನ್ನು 'ವಾದ್ಯಾರು' ಅಂತಿದ್ದೆವು. ಐವತ್ತಾರರವರೆಗೆ ನಾವು ಮದ್ರಾಸಿನವರಲ್ಲವೆ, ಕೊಯಮತ್ತೂರು ಜಿಲ್ಲೆಗೆ ಸೇರಿದವರು. ಮನೆಯಲ್ಲಿ ಕನ್ನಡ, ಕಚೇರಿಯಲ್ಲಿ ಇಂಗ್ಲಿಷು, ಸಂತೆಯಲ್ಲಿ ಅರ್ಧ ತಮಿಳು. ಹಂಗೆ ಬಂದ ಪದ ಅದು. ನಮ್ಮ ವಾದ್ಯಾರು ರೇಷ್ಮೆ ಸೀರೆ ನೇಯುವವರು. ಮನೆಯಲ್ಲೇ ಗುಂಡಿ ಮಗ್ಗ. ನೆಲದಲ್ಲಿ ತೋಡಿದ ಗುಂಡಿಯೊಳಗೆ ಕಾಲು ಇಳಿಬಿಟ್ಟು, ದಿನವೆಲ್ಲ ತುಳಿಗೋಲು ತುಳಿಯುತ್ತ ಕೂರಬೇಕು. ಆಗ ಐವತ್ತರ ಹತ್ತಿರದ ವಯಸ್ಸು, ಸಣ್ಣ ಮೈ, ಹೆಗಲ ಮೇಲೆ ಒಂದು ಟವಲ್ಲು. ನೋಡಿದರೆ ಇವರೇನು ಆಟ ಕಲಿಸ್ತಾರೆ ಅನ್ನಬೇಕು.

ಆದರೆ ಅವರ ಕಲಿಸುವ ರೀತಿ ನೋಡಬೇಕಿತ್ತು ನೀವು. ಸಾಯಂಕಾಲ ಕೆರೆಯ ಅಂಗಳಕ್ಕೆ ಬರುವಾಗ ಟವಲ್ಲಿನ ತುದಿಯಲ್ಲಿ ಒಂದಿಷ್ಟು ಹಸಿ ರೇಷ್ಮೆ ಎಳೆ ಗಂಟು ಹಾಕಿಕೊಂಡು ಬರುತ್ತಿದ್ದರು. ಒಂದೊಂದು ಎಳೆಯನ್ನು ಒಬ್ಬೊಬ್ಬನ ತುಟಿಯ ಮುಂದೆ ಇಳಿಬಿಟ್ಟು, "ಊಂ, ಅನ್ನು" ಅನ್ನೋರು. ಆತ ಚಡುಗುಡು ಶುರು ಮಾಡಬೇಕು. ಎಳೆ ಅದುರುತ್ತ ಮುಂದಕ್ಕೇ ಇರಬೇಕು. ಕದ್ದು ಚೂರೇ ಚೂರು ಉಸಿರು ಎಳೆದರೂ ಎಳೆ ಬಾಯಿಯ ಕಡೆ ವಾಲುತ್ತಿತ್ತು. "ಕದ್ದೆ ಕಣ್ಲಾ," ಅಂತ ನಗುತ್ತಿದ್ದರು. ಬೈಯುತ್ತಿರಲಿಲ್ಲ. ಬೈಯುವ ಖಾತೆ ನನ್ನದು.

ಈ ಎಳೆಯನ್ನು ಎಲ್ಲರಿಗಿಂತ ಹೆಚ್ಚು ಹೊತ್ತು ಅದುರಿಸುತ್ತಿದ್ದವನು ಶಾಗ್ಯದವನೊಬ್ಬ. ಹನೂರು ಕಡೆಯ ರಾಗಿ ಹೊಲಗಳ ಹಳ್ಳಿ ಅದು. ಹೆಸರು ಬೇಡ, ಶಾಗ್ಯದವನು ಅಂತಲೇ ಅನ್ನುತ್ತೇನೆ, ನಾವು ಕರೆಯುತ್ತಿದ್ದದ್ದೂ ಹಾಗೆಯೇ. ಅವನು ಎದುರು ಅಂಕಣಕ್ಕೆ ನುಗ್ಗಿದರೆ ನಾನು ಬೀಡಿ ಹಚ್ಚಿ ಅರ್ಧ ಸೇದಿದರೂ ಅವನ ಉಸಿರು ಮುಗಿಯುತ್ತಿರಲಿಲ್ಲ. ಆಗಿನ ಆಟದಲ್ಲಿ ಇಷ್ಟು ಸೆಕೆಂಡಿಗೆ ವಾಪಸ್ ಬಾ ಅನ್ನುವ ಲೆಕ್ಕ ನಾವು ನೋಡಿರಲಿಲ್ಲ. ಉಸಿರು ಇರುವವರೆಗೆ ಆಟ. ಅವನನ್ನು ಕರೆದುಕೊಂಡು ಸತ್ಯಮಂಗಲದ ಘಾಟಿ ಇಳಿದು ಎಷ್ಟು ಪಂದ್ಯ ಗೆದ್ದು ಬಂದೆವೋ!

ಐವತ್ತಾರರ ನವೆಂಬರಿನಲ್ಲಿ ನಾವು ಮೈಸೂರು ರಾಜ್ಯಕ್ಕೆ ಸೇರಿದೆವು. ಸಂತೋಷವಾಯಿತು, ಸುಳ್ಳು ಯಾಕೆ ಹೇಳಲಿ. ಆಫೀಸಿನ ಬೋರ್ಡು ಬದಲಾಯಿತು, ಸೀಲು ಬದಲಾಯಿತು, ನಮ್ಮ ಅರ್ಜಿಗಳು ಕೊಯಮತ್ತೂರಿನ ಬದಲು ಮೈಸೂರಿಗೆ ಹೋಗತೊಡಗಿದವು. ನಾಲಿಗೆಯೂ ಬದಲಾಗಬೇಕು ಅಂತ ಮಾತ್ರ ಯಾರೂ ಸುತ್ತೋಲೆ ಕಳಿಸಲಿಲ್ಲ.

ಅದು ಗೊತ್ತಾದದ್ದು ಯಳಂದೂರಿನಲ್ಲಿ. ಕೊಳ್ಳೇಗಾಲಕ್ಕೂ ಯಳಂದೂರಿಗೂ ಎಷ್ಟು ದೂರ ಹೇಳಿ, ಸೈಕಲ್ಲಿನಲ್ಲಿ ಹೋಗಿ ಊಟಕ್ಕೆ ವಾಪಸ್ ಬರಬಹುದು. ಆದರೆ ಅವರು ಮೊದಲಿನಿಂದಲೂ ಮೈಸೂರು ಸೀಮೆಯವರು. ಹೊಸ ರಾಜ್ಯದಲ್ಲಿ ನಮ್ಮ ಮೊದಲ ಪಂದ್ಯ ಅವರ ಮೇಲೇ ಬಿತ್ತು. ಅವರ ತಂಡಕ್ಕೆ ಕಲಿಸುತ್ತಿದ್ದವರು ಅಲ್ಲಿನ ಸ್ಕೂಲಿನ ಡ್ರಿಲ್ ಮೇಷ್ಟ್ರು. ಬಿಳಿ ಕ್ಯಾನ್ವಾಸ್ ಶೂ, ಇಸ್ತ್ರಿ ಮಾಡಿದ ಖಾಕಿ ಚಡ್ಡಿ, ಕೊರಳಲ್ಲಿ ಸೀಟಿ, ಜೇಬಿನಲ್ಲಿ ನಿಯಮದ ಪುಸ್ತಕ. ಅಂಪೈರಿಂಗಿಗೂ ಅವರೇ. ಅದು ನೋಡಿಯೇ ನನಗೆ ಅರ್ಧ ಕೋಪ ಬಂದಿತ್ತು.

ಶಾಗ್ಯದವನು ನಡುಗೆರೆ ಮುಟ್ಟಿ ನಮಸ್ಕಾರ ಮಾಡಿ 'ಚಡುಗುಡು' ಅಂತ ನುಗ್ಗಿದ. ಎರಡು ಹೆಜ್ಜೆ ಇಟ್ಟಿರಲಿಲ್ಲ, ಪೀ ಅಂತ ಸೀಟಿ. ಔಟು. ಯಾಕೆ ಅಂತ ಯಾರಿಗೂ ಗೊತ್ತಾಗಲಿಲ್ಲ. ಎರಡನೆಯವನು ಹೋದ. ಪೀ. ಮೂರನೆಯವನು, ಪೀ. ನಾನು ಅಂಕಣದ ಒಳಕ್ಕೇ ನುಗ್ಗಿಬಿಟ್ಟೆ.

"ಏನ್ರೀ ಇದು? ಯಾರೂ ಮುಟ್ಟಿಲ್ಲ, ಹಿಡಿದಿಲ್ಲ, ಔಟು ಅಂದ್ರೆ?"

"ನಿಮ್ಮವರು ಕಬಡ್ಡಿ ಅಂತಿಲ್ಲವಲ್ಲ," ಅಂದರು ಮೇಷ್ಟ್ರು ತಣ್ಣಗೆ.

"ಚಡುಗುಡು ಅಂದ್ರೂ ಅದೇ ಉಸಿರಲ್ವೇನ್ರೀ?"

ಅವರು ಜೇಬಿನಿಂದ ಪುಸ್ತಕ ತೆಗೆದು ಬೆರಳಿಟ್ಟು ತೋರಿಸಿದರು. ಎದುರು ಅಂಕಣಕ್ಕೆ ಏರಿ ಹೋದವನು ಕಬಡ್ಡಿ ಅನ್ನುವ ಶಬ್ದವನ್ನೇ ಸ್ಪಷ್ಟವಾಗಿ ಹೇಳುತ್ತಿರಬೇಕಂತೆ, ಬೇರೆ ಶಬ್ದ ನಡೆಯುವುದಿಲ್ಲವಂತೆ. ನನಗೆ ಮೈಯೆಲ್ಲ ಉರಿದುಹೋಯಿತು. ಬಾಯಿಗೆ ಬಂದಂಗೆ ಅಂದೆ. ಆ ಪಂದ್ಯದಲ್ಲಿ ನಾವು ಎಷ್ಟು ಪಾಯಿಂಟಿನಿಂದ ಸೋತೆವು ಅಂತ ಕೇಳಬೇಡಿ, ಆ ಹಾಳೆಯನ್ನು ನಾನೇ ಹರಿದು ಸುವರ್ಣಾವತಿ ಹೊಳೆಗೆ ಹಾಕಿದೆ.

ವಾದ್ಯಾರು ಮಾತ್ರ ಸಿಟ್ಟಾಗಲಿಲ್ಲ. ಮೇಷ್ಟ್ರ ಹತ್ತಿರ ಹೋಗಿ, "ಆ ಬುಕ್ಕ ಒಂದ್ ವಾರ ಕೊಡ್ತೀರಾ ಸಾ?" ಅಂತ ಇಸಿದುಕೊಂಡು ಬಂದರು. ಅವರಿಗೆ ಓದು ಬರಹ ಅಷ್ಟಕ್ಕಷ್ಟೆ. ಬಸ್ಸಿನಲ್ಲಿ ಬರುವಾಗ ಆ ಸಾಲನ್ನು ನನ್ನ ಕೈಲಿ ಮೂರು ಸಲ ಓದಿಸಿದರು.

"ಕಬಡ್ಡಿನೇ ಅನ್ಬೇಕು ಅಂತ ಬರ್ದವ್ರೆ. ಯಾಕೆ ಅಂತ ಬರ್ದವ್ರಾ?"

"ಇಲ್ಲ ವಾದ್ಯಾರೇ."

"ಯೆಂಗೆ ಅನ್ಬೇಕು ಅಂತ?"

"ಅದೂ ಇಲ್ಲ."

"ಅಂಗಾರೆ ನಾವೇ ಕಂಡಿಡೀಬೇಕು ಬುಡು," ಅಂದರು. ಅವರಿಗೆ ಸೋತ ದುಃಖಕ್ಕಿಂತ ಇದು ಏನಿರಬಹುದು ಅನ್ನುವುದೇ ದೊಡ್ಡದಾಗಿತ್ತು. ನನಗೆ ಆಗ ಅವರ ಮೇಲೂ ಕೋಪ ಬಂತು.

ಮಾರನೆಯ ದಿನದಿಂದ ಕೆರೆ ಅಂಗಳದಲ್ಲಿ ಎಲ್ಲರಿಗೂ ಕಬಡ್ಡಿ ಪಾಠ. ಬೇರೆಯವರು ತಡವರಿಸುತ್ತ ಕಲಿತರು. ಶಾಗ್ಯದವನಿಗೆ ಬರಲೇ ಇಲ್ಲ. ಮೂರು ಸಲ ಕಬಡ್ಡಿ ಅನ್ನುತ್ತಿದ್ದ, ನಾಲ್ಕನೆಯದು 'ಕಬಗುಡು' ಆಗುತ್ತಿತ್ತು, ಐದನೆಯದು 'ಚಡುಗುಡು'. ಎಲ್ಲರೂ ಬಿದ್ದು ಬಿದ್ದು ನಗುತ್ತಿದ್ದರು. ಅವನೂ ನಗುತ್ತಿದ್ದ. ಕೆಲವು ದಿನ ಆದ ಮೇಲೆ ಅವನು ನಗುವುದನ್ನು ನಿಲ್ಲಿಸಿದ. ರೇಷ್ಮೆ ಎಳೆ ಇಟ್ಟು ನೋಡಿದರೆ, ಅವನ ಒಂದೊಂದು 'ಬ'ಗೂ ಎಳೆ ಸತ್ತು ಕೆಳಕ್ಕೆ ಬೀಳುತ್ತಿತ್ತು. ಉಸಿರೂ ಅರ್ಧಕ್ಕರ್ಧ ಆಗಿಬಿಟ್ಟಿತು. ಅಷ್ಟು ದೊಡ್ಡ ಎದೆ ಇಟ್ಟುಕೊಂಡು ಒಂದು ಅಕ್ಷರದ ಮುಂದೆ ಏದುಸಿರು ಬಿಡುತ್ತಿದ್ದ.

ಹೀಗೇ ತಿಂಗಳುಗಟ್ಟಲೆ ನಡೆದು, ಐವತ್ತೇಳರ ಮಳೆಗಾಲದಲ್ಲಿ ಒಂದು ಸುದ್ದಿ ಬಂತು. ಪೊಲೀಸಿನವರು ತಮ್ಮ ಕಬಡ್ಡಿ ತಂಡಕ್ಕೆ ಆಳು ತೆಗೆದುಕೊಳ್ಳುತ್ತಾರೆ, ದೀಪಾವಳಿ ಕಳೆದ ಮೇಲೆ ಮೈಸೂರಿನಲ್ಲಿ ಆಡಿಸಿ ನೋಡುತ್ತಾರೆ, ಆರಿಸಿದರೆ ಖಾಯಂ ಕೆಲಸ. ವಯಸ್ಸು ಇಪ್ಪತ್ತೈದು ದಾಟಿರಬಾರದು. ನಾನು ಶಾಗ್ಯದವನ ಸ್ಕೂಲಿನ ಚೀಟಿ ತರಿಸಿ ನೋಡಿದೆ. ಮುಂದಿನ ಯುಗಾದಿಗೆ ಅವನಿಗೆ ಇಪ್ಪತ್ತೈದು ತುಂಬುತ್ತಿತ್ತು. ಇದೊಂದೇ ಸಲ. ಇದು ತಪ್ಪಿದರೆ ಇನ್ನಿಲ್ಲ.

ಅವನಿಗೆ ಯಾಕೆ ಅಷ್ಟು ಮುಖ್ಯ ಅಂತ ಹೇಳಬೇಕು. ಅವನು ವರ್ಷಕ್ಕೆ ಆರು ತಿಂಗಳು ಗೋಪಿನಾಥಂ ಕಾಡಿಗೆ ಬಿದಿರು ಕಡಿಯಲು ಹೋಗುತ್ತಿದ್ದ. ಬಸ್ಸಿಲ್ಲ, ಡಾಕ್ಟರಿಲ್ಲ. ಎರಡು ಸಲ ಕಾಡಿನ ಜ್ವರ ಹಿಡಿಸಿಕೊಂಡು, ಗಡಗಡ ನಡುಗುತ್ತ, ಯಾರದೋ ಗಾಡಿಯಲ್ಲಿ ಮಲಗಿ ವಾಪಸ್ ಬಂದಿದ್ದ. ಅವನ ಅಪ್ಪ ಹೋದದ್ದೂ ಅದೇ ಜ್ವರದಲ್ಲಿ. ಹೆಂಡತಿ ಬಸುರಿ. ಒಂದು ದಿನ ಆಕೆ ಮುನಿಸಿಪಾಲಿಟಿ ಆಫೀಸಿನ ಬಾಗಿಲಿಗೇ ಬಂದು ನಿಂತಳು. "ಅಣ್ಣ, ಈ ಪೊಲೀಸ್ ಕೆಲ್ಸ ಅದೇನೋ ಅದ್ಯಂತಲ್ಲ, ಅದ ಮಾಡ್ಕೊಡಿ. ಇನ್ನೊಂದ್ಸತಿ ಕಾಡ್ಗೆ ಓದ್ರೆ ಇವ್ರು ಬರಾಕಿಲ್ಲ ಕಣಣ್ಣ," ಅಂದಳು. ಆಯ್ತು ಹೋಗಮ್ಮ, ಆಗುತ್ತೆ ಅಂದೆ. ಯಾವ ಧೈರ್ಯದ ಮೇಲೆ ಅಂದೆನೋ.

ಅವತ್ತು ಸಂಜೆ ವಾದ್ಯಾರಿಗೆ ಹೇಳಿದೆ. ಅವರು ಮಗ್ಗದಿಂದ ಏಳದೆಯೇ ಕೇಳಿಸಿಕೊಂಡರು. ಲಾಳಿ ನಿಲ್ಲಿಸಿ, ನೇಯ್ದ ಬಟ್ಟೆ ಸವರಿದರು.

"ನಾಳೀಕ್ ಯಳಂದೂರ್ಗೆ ಓಗುವ," ಅಂದರು.

"ಯಾಕೆ?"

"ಆ ಮೇಷ್ಟ್ರ ಕೇಳುವ. ನಂಗೇ ಬರ್ದೇ ಇರದ್ನ ನಾನ್ ಅವ್ನಿಗೆ ಯೆಂಗ್ ಕಲ್ಸದು? ನಾನೂ ಮನೇಲಿ ಅಂದ್ ಅಂದ್ ನೋಡ್ದೆ ಕಣಪ್ಪ. ನನ್ ನಾಲ್ಗೆನೂ ತಿರುಗಾಕಿಲ್ಲ."

"ಅವನ ಮನೆ ಬಾಗಿಲಿಗೆ ನಾವಾ? ಮೂರು ಸಲ ಸೀಟಿ ಊದಿ ಮಾನ ಕಳೆದವನು!"

"ಸೀಟಿ ಊದಿದ್ದು ಬುಕ್ಕು. ಅವ್ರಲ್ಲ," ಅಂದರು. "ನೀ ಬರದಾದ್ರೆ ಬಾ. ಬಾಯ್ ಮಾತ್ರ ಮುಚ್ಕಂಡಿರ್ಬೇಕು."

ಹೋದೆವು, ಶಾಗ್ಯದವನನ್ನೂ ಕರೆದುಕೊಂಡು ಮೂವರೂ. ಬಸ್ಸು ಇಳಿದು ಮೇಷ್ಟ್ರ ಮನೆ ಕೇಳಿಕೊಂಡು ಹೋದಾಗ ಅವರು ಹಿತ್ತಲಿನಲ್ಲಿ ಬಾವಿಯಿಂದ ನೀರು ಸೇದುತ್ತಿದ್ದರು. ಚಡ್ಡಿ ಶೂ ಇಲ್ಲದೆ, ಪಂಚೆ ಉಟ್ಟಿದ್ದ ಅವರನ್ನು ನಾನು ಮೊದಲು ಗುರುತೇ ಹಿಡಿಯಲಿಲ್ಲ. ವಾದ್ಯಾರು ಹೆಗಲ ಮೇಲಿನ ಟವಲ್ಲು ತೆಗೆದು ಕೈಯಲ್ಲಿ ಹಿಡಿದುಕೊಂಡರು. ವಯಸ್ಸಿನಲ್ಲಿ ಮೇಷ್ಟ್ರಿಗಿಂತ ಹತ್ತು ವರ್ಷವಾದರೂ ದೊಡ್ಡವರು ಅವರು. ನನಗೆ ನೋಡಲಾಗಲಿಲ್ಲ.

"ಸಾ, ಇವನ್ಗೆ ಕಬಡ್ಡಿ ಅನ್ನದ ಕಲ್ಸಿಕೊಡಿ," ಅಂದರು.

ಮೇಷ್ಟ್ರು ಶಾಗ್ಯದವನಿಗೆ ಅನ್ನಲು ಹೇಳಿದರು. ಅವನು ಅಂದ. ಕಬಡ್ಡಿ, ಕಬಡ್ಡಿ, ಕಬಡ್ಡಿ, ಕಬಗುಡು. ಮೇಷ್ಟ್ರು ನಕ್ಕುಬಿಟ್ಟರು. "ಇಷ್ಟು ದಿನ ಏನು ಕಲಿಸಿದಿರಿ ಇವನಿಗೆ?" ಅಂದರು. ಅವರು ತಮಾಷೆಗೆ ಅಂದಿರಬೇಕು, ಈಗ ಅನ್ನಿಸುತ್ತದೆ. ಆಗ ನನ್ನ ತಲೆ ಕೆಟ್ಟುಹೋಯಿತು. ಬಾಯಿ ಮುಚ್ಚಿಕೊಂಡಿರುತ್ತೇನೆ ಅಂತ ಮಾತು ಕೊಟ್ಟಿದ್ದೆನಲ್ಲ, ಅದಕ್ಕೆ ಗೋಡೆಯ ಕಡೆ ತಿರುಗಿ, ಹಲ್ಲು ಕಚ್ಚಿ, ಒಂದೇ ಉಸಿರಿನಲ್ಲಿ ಗೊಣಗಿದೆ. "ಬಡ್ಡೀಮಗ ಬಡ್ಡೀಮಗ ಬಡ್ಡೀಮಗ ಬಡ್ಡೀಮಗ..."

ಬಿಂದಿಗೆ ಎತ್ತುತ್ತಿದ್ದ ಮೇಷ್ಟ್ರು ಅದನ್ನು ಕೆಳಗಿಟ್ಟು ನನ್ನ ಕಡೆ ತಿರುಗಿದರು.

"ಏನಂದ್ರಿ?" ಅಂದರು ಮೇಷ್ಟ್ರು.

"ಏನಿಲ್ಲ ಸಾ."

"ಇನ್ನೊಂದು ಸಲ ಅನ್ನಿ."

ಅಯ್ಯೋ ಶಿವನೇ, ಇವತ್ತು ಕಪಾಳಕ್ಕೆ ಬಿತ್ತು ಅಂದುಕೊಂಡೆ. ಅವರು ನನ್ನ ಮುಂದೆ ಬಂದು ನಿಂತು, "ಅನ್ನಿ ಅಂದೆ!" ಅಂತ ಗದರಿದರು. ಅವರ ಮುಖಕ್ಕೇ ನೋಡಿಕೊಂಡು ಅವರನ್ನೇ ಬೈಯಬೇಕು. ಅಂದೆ. ಮೆಲ್ಲಗೆ ಅಂದೆ. ಜೋರಾಗಿ ಅನ್ನಿ ಅಂದರು. ಜೋರಾಗಿ ಅಂದೆ. ಅವರು ನನ್ನ ತುಟಿಯ ಮುಂದೆ ಅಂಗೈ ಹಿಡಿದು, ಕಣ್ಣು ಅಗಲ ಮಾಡಿಕೊಂಡು ವಾದ್ಯಾರ ಕಡೆ ತಿರುಗಿದರು.

"ಇಲ್ಲಿ ಕೈ ಇಟ್ಟು ನೋಡಿ. ಇವರ ಉಸಿರು ಎಲ್ಲಿ ಕಡಿಯುತ್ತೆ?"

ವಾದ್ಯಾರು ಕೈ ಇಟ್ಟರು. "ಕಡಿಯಾಕೇ ಇಲ್ವಲ್ಲ ಸಾ!"

"ಇವರು 'ಬ' ಇಂದ ಶುರು ಮಾಡ್ತಾರೆ. ತುಟಿ ಮುಚ್ಚೇ ಇರುತ್ತೆ, ಅಲ್ಲಿಂದ ತೆರೆದುಕೊಂಡು ಹೋಗುತ್ತೆ. ನಿಮ್ಮವನು 'ಕ' ಇಂದ ಶುರು ಮಾಡಿ, ಓಡ್ತಾ ಓಡ್ತಾ ಹೋಗಿ 'ಬ'ದಲ್ಲಿ ಬಾಗಿಲು ಹಾಕಿಕೊಳ್ತಾನೆ. ಮೊದಲ್ನೇದು ಒಂದು 'ಕ' ಅಂದುಬಿಡಲಿ. ಆಮೇಲೆ ಪೂರ್ತಿ 'ಬಡ್ಡಿಕ ಬಡ್ಡಿಕ ಬಡ್ಡಿಕ.' ಕೇಳೋರಿಗೆ ಕಬಡ್ಡಿ ಕಬಡ್ಡಿ ಅಂತಲೇ ಕೇಳುತ್ತೆ."

ವಾದ್ಯಾರು ತಾವೇ ಅಂದು ನೋಡಿದರು. ಕ, ಬಡ್ಡಿಕ, ಬಡ್ಡಿಕ, ಬಡ್ಡಿಕ. ಮುಖ ಅರಳಿಬಿಟ್ಟಿತು. "ಅಲೆಲೆಲೆ! ಅದೇ ಕಣಪ್ಪಾ!" ಅಂತ ನನ್ನ ಬೆನ್ನಿಗೆ ಗುದ್ದಿದರು. ನನ್ನ ಬೈಗುಳಕ್ಕೆ ಅಂಥ ಮರ್ಯಾದೆ ಹಿಂದೆ ಸಿಕ್ಕಿರಲಿಲ್ಲ, ಆಮೇಲೂ ಸಿಗಲಿಲ್ಲ.

"ಯಾರನ್ನ ಬೈಬೇಕು ಅನ್ಸುತ್ತೋ ಅವರನ್ನ ಮನಸ್ಸಿನಲ್ಲಿ ಇಟ್ಕೊಂಡು ಶುರು ಮಾಡಪ್ಪ," ಅಂದರು ಮೇಷ್ಟ್ರು ಶಾಗ್ಯದವನಿಗೆ.

"ಬಿದ್ರು ಕಂಟ್ರಾಕ್ಟ್ರು ಸಾ," ಅಂದ ಅವನು ಒಂದು ಕ್ಷಣವೂ ಯೋಚಿಸದೆ. ಎಷ್ಟೋ ದಿನದ ಮೇಲೆ ಅವನು ನಕ್ಕದ್ದು ಅವತ್ತೇ.

ಹಿತ್ತಲಿನಲ್ಲೇ ಗೆರೆ ಎಳೆದು ಆಡಿಸಿದರು. ಅವನು ಬಡ್ಡಿಕ ಬಡ್ಡಿಕ ಅಂತ ಚೆನ್ನಾಗಿಯೇ ಹೋದ. ಹತ್ತು, ಹನ್ನೆರಡು, ಹದಿನೈದು. ಇನ್ನೇನು ಬಂದೇಬಿಟ್ಟಿತು ಅನ್ನುವಾಗ ಅವನ ಕಣ್ಣು ವಾದ್ಯಾರ ಮೇಲೆ ಬಿತ್ತು. ಚಡುಗುಡು ಆಗಿಹೋಯಿತು. ಮತ್ತೆ ಆಡಿಸಿದರು, ಮತ್ತೆ ಅದೇ. ಮೇಷ್ಟ್ರು ಸ್ವಲ್ಪ ಹೊತ್ತು ವಾದ್ಯಾರನ್ನೇ ನೋಡಿದರು.

"ನಿಮ್ಮ ತುಟಿ ಅಲ್ಲಾಡ್ತಾ ಇದೆ," ಅಂದರು.

ವಾದ್ಯಾರು ಬಾಯಿಗೆ ಕೈ ಹಚ್ಚಿಕೊಂಡರು. ನಿಜವಾಗಿ ಅವರಿಗೆ ಗೊತ್ತಿರಲಿಲ್ಲ. ಶಿಷ್ಯ ಏರಿ ಹೋದಾಗಲೆಲ್ಲ ಅವರೂ ಕೂತಲ್ಲೇ ಜೊತೆಗೆ ಚಡುಗುಡು ಅಂದುಕೊಳ್ಳುತ್ತಿದ್ದರಂತೆ, ಸದ್ದಿಲ್ಲದೆ. ಎಷ್ಟು ವರ್ಷದಿಂದಲೋ! ಅವರು ಟವಲ್ಲಿನಿಂದ ಬಾಯಿ ಮುಚ್ಚಿಕೊಂಡು ಕೂತರು. ಆಗಲೂ ಅವನಿಗೆ ಚಡುಗುಡುವೇ ಬಂತು. ಕೊನೆಗೆ ಮೇಷ್ಟ್ರು ಅವರನ್ನು ಹಿತ್ತಲ ಗೋಡೆಯ ಆಚೆಗೆ ಕಳಿಸಿದರು. ಶಾಗ್ಯದವನು ಒಂದು ತಪ್ಪಿಲ್ಲದೆ ಹೋಗಿ ಬಂದ. ವಾದ್ಯಾರನ್ನು ವಾಪಸ್ ಕರೆದರು, ತಪ್ಪಿತು. ಮತ್ತೆ ಆಚೆ ಕಳಿಸಿದರು, ಸರಿಹೋಯಿತು.

ಮೇಷ್ಟ್ರಿಗೆ ಅದನ್ನು ಹೇಳುವುದು ಕಷ್ಟವಾಯಿತು, ಮುಖ ನೋಡಿದರೆ ತಿಳಿಯುತ್ತಿತ್ತು. "ತಪ್ಪು ತಿಳ್ಕೋಬೇಡಿ," ಅಂದರು. "ಎರಡು ತಿಂಗಳು ಇವನು ನನ್ನ ಹತ್ತಿರ ಇರಲಿ. ಅಕ್ಕಿ ಗಿರಣಿಯಲ್ಲಿ ಕೆಲಸ ಕೊಡಿಸ್ತೀನಿ, ನಮ್ಮ ತಂಡದಲ್ಲೇ ಆಡಲಿ, ಮೈಸೂರಿಗೂ ನಾನೇ ಕರ್ಕೊಂಡು ಹೋಗ್ತೀನಿ. ಆದರೆ ಅದು ಮುಗಿಯೋವರೆಗೆ ನೀವು ಇವನ ಕಣ್ಣಿಗೆ ಬೀಳಬಾರದು."

ಶಾಗ್ಯದವನು, "ಬ್ಯಾಡ ಸಾ, ನಾ ವಾದ್ಯಾರ್ ಜೊತೆಗೇ ಓಯ್ತೀನಿ," ಅಂದ. ವಾದ್ಯಾರು ಅವನ ಕಡೆ ತಿರುಗಿ, ನಾನು ಹಿಂದೆ ಕೇಳಿರದ ದನಿಯಲ್ಲಿ ಗದರಿದರು. "ಮುಚ್ಚಲಾ ಬಾಯಿ! ಯೆಂಡ್ರು ಮಕ್ಕಳು ಬ್ಯಾಡ್ವಾ ನಿಂಗೆ?" ಅಂದವರೇ ಬಸ್ ಸ್ಟ್ಯಾಂಡಿನ ಕಡೆ ಹೊರಟುಬಿಟ್ಟರು. ಹಿಂದಕ್ಕೆ ತಿರುಗಿ ನೋಡಲಿಲ್ಲ. ನಾನು ಹಿಂದಿನಿಂದ ಓಡಿದೆ.

ಆ ಎರಡು ತಿಂಗಳು ನನಗೆ ಒಂದು ಕೆಲಸ ಹೆಚ್ಚಾಯಿತು. ಭಾನುವಾರ ಭಾನುವಾರ ಸೈಕಲ್ಲು ತುಳಿದುಕೊಂಡು ಯಳಂದೂರಿಗೆ ಹೋಗಬೇಕು, ನೋಡಿಕೊಂಡು ಬಂದು ಹೇಳಬೇಕು. ಅವನು ಬಂದನಾ, ಗೆದ್ದನಾ ಅಂತ ವಾದ್ಯಾರು ಕೇಳುತ್ತಿರಲಿಲ್ಲ. ಎಡಗಾಲು ಮೊದಲು ಇಡ್ತಾನಾ ಬಲಗಾಲಾ? ಉಸಿರು ಮುಗಿಯೋ ಮುಂಚೆ ಹೆಗಲು ಏರುತ್ತಾ? ಗಿರಣಿಯ ಧೂಳಿಗೆ ಕೆಮ್ತಾನಾ? ನಾನು ಗುಮಾಸ್ತ, ನನಗೆ ಇದೆಲ್ಲ ಏನು ಗೊತ್ತು. ಸರಿಯಾಗಿ ನೋಡಿಕೊಂಡು ಬರಲಿಲ್ಲ ಅಂತ ಬೈಸಿಕೊಂಡು, ಮುಂದಿನ ವಾರ ಕಣ್ಣು ಬಿಟ್ಟುಕೊಂಡು ನೋಡುತ್ತಿದ್ದೆ. ಹಾಗೆ ನೋಡಿ ನೋಡಿಯೇ ಆಟ ಅಂದರೇನು ಅಂತ ನನಗೆ ಚೂರು ಚೂರು ತಿಳಿದದ್ದು. ಮೇಷ್ಟ್ರು ಅವನನ್ನು ಬೆಳಿಗ್ಗೆ ಹೊಳೆಯಲ್ಲಿ ಸೊಂಟದವರೆಗೆ ನೀರಿನಲ್ಲಿ ನಿಲ್ಲಿಸಿ ಅನ್ನಿಸುತ್ತಿದ್ದರು. ದನಿ ಗಂಟಲು ಬಿಟ್ಟು ಹೊಟ್ಟೆಗೆ ಇಳಿಯಬೇಕಂತೆ. ಅದನ್ನೂ ಬಂದು ಹೇಳಿದೆ. ವಾದ್ಯಾರು, "ಊಂ, ಒಳ್ಳೇದು," ಅಂತ ಲಾಳಿ ಎಸೆದರು.

ಮೈಸೂರಿನ ದಿನ ಬಂತು. ನೀವು ಬರಬೇಡಿ, ಸುಮ್ಮನೆ ಯಾಕೆ ಅಂತ ಹೇಳಿದ್ದೆ. ವಾದ್ಯಾರು ಕೇಳುತ್ತಾರೆಯೇ? "ಕಣ್ಗೆ ಬೀಳ್ಬ್ಯಾಡ ಅಂದವ್ರೆ, ಬರ್ಬ್ಯಾಡ ಅಂದಿಲ್ವಲ್ಲ," ಅಂತ ನನ್ನ ಜೊತೆ ಬೆಳಗಿನ ಬಸ್ಸು ಹತ್ತಿದರು. ಮೈದಾನಕ್ಕೆ ಆಳೆತ್ತರದ ಕಾಂಪೌಂಡು. ಅದರ ಹೊರಗೆ ಒಂದು ಹುಣಸೇಮರ. ಅವರು ಗೋಡೆಗೆ ಬೆನ್ನು ಕೊಟ್ಟು, ಮರದ ನೆರಳಿನಲ್ಲಿ ಟವಲ್ಲು ಹಾಸಿಕೊಂಡು ಕೂತರು. ಇಲ್ಲಿಂದ ಕೇಳಿಸುತ್ತೆ, ನೀ ಓಗು ಅಂದರು.

ಒಳಗೆ ಏಳೆಂಟು ಊರಿನವರು ಇದ್ದರು. ಕಲಸಿ ಕಲಸಿ ತಂಡ ಮಾಡಿ ಆಡಿಸುತ್ತಿದ್ದರು. ಕುರ್ಚಿಯ ಮೇಲೆ ಕೂತ ಮೂವರು ಅಧಿಕಾರಿಗಳು ಬರೆದುಕೊಳ್ಳುತ್ತಿದ್ದರು. ಶಾಗ್ಯದವನ ಮೊದಲ ಎರಡು ಸರದಿ ಸಪ್ಪೆಯಾದವು. ತಪ್ಪು ಬರಲಿಲ್ಲ, ಆದರೆ ಹೆದರಿ ಹೆದರಿ ಹೋಗಿ, ಯಾರನ್ನೂ ಮುಟ್ಟದೆ ವಾಪಸ್ ಬಂದ. ಅಧಿಕಾರಿಯೊಬ್ಬರು ಪೆನ್ನು ಮುಚ್ಚಿದ್ದು ನನಗೆ ಕಂಡಿತು. ಮೇಷ್ಟ್ರು ನನ್ನ ಪಕ್ಕದಲ್ಲೇ ನಿಂತಿದ್ದರು. ಕೊರಳಿನ ಸೀಟಿಯ ದಾರವನ್ನು ಬೆರಳಿಗೆ ಬಿಗಿದು ಬಿಗಿದು ಬೆರಳೆಲ್ಲ ಕೆಂಪಗಾಗಿತ್ತು. ಅವರ ಮೇಲೆ ನನಗಿದ್ದ ಕೋಪ ಅವತ್ತು, ಆ ಕೈ ನೋಡಿ, ಹೋಯಿತು.

ಮೂರನೆಯ ಸರದಿ. ಅವನು ನಡುಗೆರೆ ದಾಟಿದ. ಕಬಡ್ಡಿ ಕಬಡ್ಡಿ ಕಬಡ್ಡಿ. ದನಿ ಕೆಳಗಿನಿಂದ, ಹೊಟ್ಟೆಯಿಂದ ಬರುತ್ತಿತ್ತು, ನಿಧಾನ, ಒಂದೇ ಸಮ. ಬಲಮೂಲೆಯವನನ್ನು ಮುಟ್ಟಿದ. ತಿರುಗುವಾಗ ಒಬ್ಬ ಕಾಲಿಗೆ ಬಿದ್ದ, ಇನ್ನೊಬ್ಬ ಸೊಂಟ ಹಿಡಿದ, ಮೂರನೆಯವನು ಮೇಲೆ ಬಿದ್ದ. ಮೂವರ ಕೆಳಗೆ ಅವನು ಕಾಣಲೇ ಇಲ್ಲ. ಆದರೆ ದನಿ ಬರುತ್ತಿತ್ತು. ಕಬಡ್ಡಿ ಕಬಡ್ಡಿ. ಮೈದಾನದಲ್ಲಿದ್ದವರೆಲ್ಲ ಸುಮ್ಮನಾದರು. ಆ ರಾಶಿ ಒಂದೊಂದು ಗೇಣು ಗೆರೆಯ ಕಡೆ ಸರಿಯುತ್ತಿತ್ತು. ಈಗ ತಪ್ಪುತ್ತಾನೆ, ಈಗ ಚಡುಗುಡು ಅಂತಾನೆ, ಮುಗೀತು ಅಂದುಕೊಂಡೆ. ಅನ್ನಲಿಲ್ಲ. ರಾಶಿಯ ಅಡಿಯಿಂದ ಒಂದು ಕೈ ಹೊರಗೆ ಬಂದು ಸುಣ್ಣದ ಗೆರೆಯ ಮೇಲೆ ಬಿತ್ತು. ದನಿ ಆಮೇಲೆ ನಿಂತಿತು. ನಾಲ್ಕು ಜನ ಔಟು.

ಪೆನ್ನು ಮುಚ್ಚಿದ್ದ ಅಧಿಕಾರಿ ಎದ್ದು ನಿಂತು ಚಪ್ಪಾಳೆ ತಟ್ಟಿದರು. ಮಧ್ಯಾಹ್ನ ಹೆಸರು ಓದಿದರು. ಅವನದು ಮೊದಲನೆಯದು. ಮೇಷ್ಟ್ರು ಅವನನ್ನು ತಬ್ಬಿಕೊಂಡು ಅತ್ತರು. ನಾನು ಅಲ್ಲಿ ನಿಲ್ಲದೆ ಗೇಟಿನ ಕಡೆ ಓಡಿದೆ, ವಾದ್ಯಾರಿಗೆ ಹೇಳಬೇಕಲ್ಲ.

ಅವರು ಅದೇ ಜಾಗದಲ್ಲಿ ಕೂತಿದ್ದರು. ಮುಖ ಇಳಿದುಹೋಗಿತ್ತು. ನಾನು ಬಾಯಿ ತೆರೆಯುವ ಮೊದಲೇ ಅವರೇ ಮಾತಾಡಿದರು.

"ಒಳ್ಗೆ ಒಬ್ಬ ಬಂದಿದ್ನಲ್ಲ ಕಣಪ್ಪ, ಆಗ್ಲೆ, ಎಲ್ರೂ ಸುಮ್ಕಾದ್ರಲ್ಲ ಆಗ. ಎಂಥಾ ಉಸ್ರು ಅಂತೀ! ನನ್ ಜೀವ್ಮಾನ್ದಲ್ಲಿ ಕೇಳಿಲ್ಲ. ಎಲ್ಲೂ ಕಡೀಲಿಲ್ಲ, ಎಲ್ಲೂ ಕದೀಲಿಲ್ಲ. ಯಾವ ಊರೋನೋ, ಯಾರೋ ಭಾರೀ ವಾದ್ಯಾರ್ ಕೈಲಿ ಕಲ್ತವ್ನೆ. ಅಂಥೋನ್ ಬಂದಿರ್ಬೇಕಾದ್ರೆ ನಮ್ಮೋನ ಯಾರ್ ತಕತಾರೆ, ಬುಡು." ಆಮೇಲೆ ಕೇಳಿದರು, "ನಮ್ಮೋನ ಇಳಿಸ್ಲೇ ಇಲ್ವಾ?"

ಹೇಗೆ ಹೇಳಬೇಕು ಅಂತ ಗೊತ್ತಾಗದೆ ಅವರ ಪಕ್ಕ ಕುಕ್ಕರಗಾಲಿನಲ್ಲಿ ಕೂತೆ.

"ಅವನೇ ವಾದ್ಯಾರೇ ನಮ್ಮವನು. ತಗೊಂಡ್ರು. ಮೊದಲನೇ ಹೆಸರು."

"ತಕಂಡ್ರಾ?"

"ಹೂಂ."

"ಅದು... ಅದು ಅವ್ನಾ?"

"ಅವನೇ."

ಅವರ ಮುಖ ಅರಳಿತು, ಹಾಗೇ ಕುಗ್ಗಿತು, ಎರಡೂ ಒಟ್ಟಿಗೆ. ಹಾಸಿದ್ದ ಟವಲ್ಲನ್ನು ಎಳೆದು ಕಣ್ಣು ಒರೆಸಿಕೊಂಡರು. ಅಂತೂ ಇನ್ನು ಅವನು ಕಾಡಿಗೆ ಹೋಗುವುದಿಲ್ಲವಲ್ಲ, ಅಷ್ಟು ಸಾಕು ಅಂದರು. ಅದನ್ನೇ ಎರಡು ಮೂರು ಸಲ ಅಂದರು. ಆಮೇಲೆ ನನ್ನ ಮೊಣಕೈ ಹಿಡಿದುಕೊಂಡರು.

"ನಾನು ಗುರ್ತ ಇಡೀಲಿಲ್ಲ ಅಂತ ಅವ್ನಿಗೆ ಏಳ್ಬ್ಯಾಡ ಕಣಪ್ಪ."

ಹೇಳುವುದಿಲ್ಲ ಅಂ‍ದೆ. ಅಷ್ಟರಲ್ಲಿ, ನಾನು ಓಡಿದ್ದು ನೋಡಿಯೇ ಊಹಿಸಿದನೇನೋ, ಶಾಗ್ಯದವನು ಗೇಟಿನಿಂದ ಓಡಿ ಬಂದ, ಮೈ ತುಂಬ ಮಣ್ಣು ಸುಣ್ಣ, ಮೊಣಕಾಲಿನಲ್ಲಿ ರಕ್ತ. ವಾದ್ಯಾರ ಕಾಲಿಗೆ ಬಿದ್ದವನು ಏಳಲೇ ಇಲ್ಲ, ಅಲ್ಲಿಂದಲೇ ತಲೆ ಎತ್ತಿ ಕೇಳಿದ.

"ಕೇಳಿಸ್ತಾ ವಾದ್ಯಾರೇ? ನಾ ಅಂದದ್ದು ಕೇಳಿಸ್ತಾ?"

"ಕೇಳಿಸ್ತು ಕಣ್ಲಾ," ಅಂದರು ಅವರು. "ಮೊದಲ್ನೇ ಅಕ್ಷರಕ್ಕೇ ನೀನೇ ಅಂತ ಗೊತ್ತಾಗೋಯ್ತು."